ಬ್ರೆಡ್ ಯಂತ್ರ ತರುವ ಮೊದಲು

ಗುರುಗಳ ಬಳಿ ಜನರು ಕೇಳುವ ಪ್ರಶ್ನೆಗಳೆಲ್ಲ ಪಾಪಪುಣ್ಯದ್ದೇ ಆಗಿರುತ್ತವೆ ಎಂದು ಯಾರಾದರೂ ತಿಳಿದಿದ್ದರೆ, ಅವರು ಒಂದು ವಾರ ನಮ್ಮ ಜೊತೆ ಮನೆ ಭೇಟಿಗೆ ಬರಬೇಕು. ಬೋರ್‌ವೆಲ್ ಯಾವ ಮೂಲೆಯಲ್ಲಿ ಹಾಕಿಸೋಣ, ಮಗಳನ್ನು ನರ್ಸಿಂಗಿಗೆ ಸೇರಿಸೋಣವೇ ಬಿ.ಎಡ್.ಗೆ ಸೇರಿಸೋಣವೇ, ಎಮ್ಮೆಗೆ ವಿಮೆ ಮಾಡಿಸಿದರೆ ದುಡ್ಡು ಕೈಗೆ ಬರುತ್ತದೆಯೇ ಎಂಬುವೆಲ್ಲ ನಮ್ಮ ಮುಂದೆ ಬರುತ್ತವೆ. ಈಚೆಗೆ ಆ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. "ಫಾದರ್, ಮನೇಲೇ ಬ್ರೆಡ್ ಮಾಡೋ ಮಿಷನ್ ಬಂದೈತಂತೆ. ತಗಂಡ್ರೆ ಉಪಯೋಗ ಐತಾ?"

ಕೇಳುವವರು ಹೆಚ್ಚಾಗಿ ಗಂಡಸರು, ಇಲ್ಲವೇ ಪಟ್ಟಣದಲ್ಲಿ ಕೆಲಸಕ್ಕಿರುವ ಮಕ್ಕಳು. ಅಡುಗೆಮನೆಯಲ್ಲಿರುವ ತಾಯಿ ಕೇಳಿದ್ದು ಕಡಿಮೆ. ಕ್ರಿಸ್ಮಸ್ಸಿಗೆ ಕೊಲ್ಲಿ ದೇಶದಿಂದ ರಜೆಗೆ ಬರುವ ಮಗಳು ಅಮ್ಮನಿಗೆ ಏನಾದರೂ ತರಬೇಕೆಂದು ಆಸೆಪಡುತ್ತಾಳೆ. ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ಚಿತ್ರ ನೋಡಿ, "ಅಮ್ಮ ಒಲೆ ಮುಂದೆ ಸಾಯೋದು ತಪ್ಪುತ್ತೆ" ಎನ್ನುತ್ತಾನೆ. ಇಬ್ಬರ ಮನಸ್ಸೂ ಒಳ್ಳೆಯದೇ. ಆದ್ದರಿಂದಲೇ ಈ ಪ್ರಶ್ನೆಯನ್ನು ನಗೆಯಾಡಿ ಬಿಟ್ಟುಬಿಡದೆ, ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಎಷ್ಟು ಕೇಳುತ್ತದೆ ಎಂಬುದನ್ನು ಈ ಸಲ ಬರೆಯೋಣವೆಂದುಕೊಂಡೆವು.

ಬ್ರೆಡ್ ಯಂತ್ರವೆಂದರೆ ದೊಡ್ಡ ರಹಸ್ಯವೇನೂ ಅಲ್ಲ. ಹೊರಗೆ ಒಂದು ಪೆಟ್ಟಿಗೆ, ಒಳಗೆ ಅಂಟದ ಲೇಪನವಿರುವ ಒಂದು ಪಾತ್ರೆ. ಪಾತ್ರೆಯ ತಳದಲ್ಲಿ ಹಿಟ್ಟು ನಾದುವ ಒಂದು ಸಣ್ಣ ಅಲಗು. ಸುತ್ತ ಬಿಸಿಯಾಗುವ ತಂತಿ, ಮೇಲೆ ಗಡಿಯಾರದಂತೆ ಲೆಕ್ಕವಿಡುವ ಗುಂಡಿಗಳು. 500 ಗ್ರಾಂ ಮೈದಾ, 300 ಮಿಲಿಲೀಟರಿಗಿಂತ ತುಸು ಹೆಚ್ಚು ನೀರು, ಒಂದೂವರೆ ಚಮಚ ಉಪ್ಪು, ಸ್ವಲ್ಪ ಸಕ್ಕರೆ, ಸ್ವಲ್ಪ ಎಣ್ಣೆ, ಒಂದೂವರೆ ಎರಡು ಚಮಚ ಒಣ ಯೀಸ್ಟ್ ಹಾಕಿ ಮುಚ್ಚಿದರೆ, ಅದು ತಾನೇ ನಾದುತ್ತದೆ, ಬೆಚ್ಚಗಿಟ್ಟು ಉಬ್ಬಿಸುತ್ತದೆ, ಮತ್ತೆ ನಾದುತ್ತದೆ, ಮತ್ತೆ ಉಬ್ಬಿಸುತ್ತದೆ, ಕೊನೆಗೆ ಬೇಯಿಸುತ್ತದೆ. ಸಾಮಾನ್ಯವಾಗಿ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಹೊರಗೆ ಬರುವುದು ಮುಕ್ಕಾಲು ಕಿಲೋ ತೂಗುವ ಒಂದೇ ಒಂದು ಬ್ರೆಡ್ಡು. ಅದರ ತಳದಲ್ಲಿ ಅಲಗು ಕೂತಿದ್ದ ಒಂದು ತೂತು ಇರುತ್ತದೆ. ಅದು ಕೆಟ್ಟ ಯಂತ್ರದ ಲಕ್ಷಣವಲ್ಲ, ಎಲ್ಲ ಬ್ರೆಡ್ ಯಂತ್ರದ್ದೂ ಹಾಗೆಯೇ.

ಈ ಯಂತ್ರ ಹುಟ್ಟಿದ ಕಥೆ ನಮಗೆ ಬಹಳ ಹಿಡಿಸಿತು. 1985ರ ಸುಮಾರಿಗೆ ಜಪಾನಿನ ಒಸಾಕಾದಲ್ಲಿ ಮತ್ಸುಷಿತ ಎಂಬ ವಿದ್ಯುತ್ ಉಪಕರಣಗಳ ಕಂಪನಿಯ (ಇಂದಿನ ಪ್ಯಾನಸೋನಿಕ್) ಇಂಜಿನಿಯರುಗಳು ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ಕಟ್ಟಲು ಹೊರಟಿದ್ದರು. ಎಷ್ಟು ಪ್ರಯತ್ನಿಸಿದರೂ ಮೇಲಿನ ಸಿಪ್ಪೆ ಸೀದುಹೋಗುವುದು, ಒಳಗೆ ಹಸಿಯಾಗಿಯೇ ಉಳಿಯುವುದು. ಯಂತ್ರ ನಾದಿದ ಹಿಟ್ಟನ್ನೂ ಬೇಕರಿಯವನು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿ ನೋಡಿದರು. ಅದರಿಂದಲೂ ಗುಟ್ಟು ಸಿಗಲಿಲ್ಲ. ಆಗ ಆ ತಂಡದಲ್ಲಿದ್ದ ಇಕುಕೊ ತನಾಕಾ ಎಂಬ ಹೆಣ್ಣುಮಗಳು ಒಂದು ದಾರಿ ಹೇಳಿದಳು. ಊರಿನಲ್ಲಿ ಅತ್ಯುತ್ತಮ ಬ್ರೆಡ್ ಮಾಡುವವರೆಂದು ಹೆಸರಾಗಿದ್ದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರಿಯವರ ಬಳಿ ಹೋಗಿ ಶಿಷ್ಯೆಯಂತೆ ಕೆಲಸ ಕಲಿಯಲು ನಿಂತಳು. ಹಿಟ್ಟು ನಾದುವಾಗ ಅವರು ಅದನ್ನು ಎಳೆಯುತ್ತಿದ್ದುದಷ್ಟೇ ಅಲ್ಲ, ಎಳೆಯುತ್ತಲೇ ತಿರುಚುತ್ತಿದ್ದರು. ಅವರು ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಏಕೆಂದರೆ ಹಾಗೆ ಮಾಡುತ್ತಿದ್ದೇನೆಂದು ಅವರಿಗೇ ಗೊತ್ತಿರಲಿಲ್ಲ. ತನಾಕಾ ಅದನ್ನು ಕಂಡುಹಿಡಿದ ಮೇಲೆ, ಪಾತ್ರೆಯ ಒಳಮೈಗೆ ಏಣುಗಳನ್ನು ಕೂಡಿಸಿ ಹಿಟ್ಟು ಹಾಗೆಯೇ ತಿರುಚಿಕೊಳ್ಳುವಂತೆ ಮಾಡಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು, ಮೊದಲ ವರ್ಷವೇ ಭರ್ಜರಿ ಮಾರಾಟವಾಯಿತು. ಇಕುಜಿರೊ ನೊನಾಕಾ ಎಂಬ ಪ್ರಾಧ್ಯಾಪಕರು 1991ರಲ್ಲಿ ಇದನ್ನು ಬರೆದ ಮೇಲೆ ಮ್ಯಾನೇಜ್‌ಮೆಂಟ್ ಓದುವ ಮಕ್ಕಳಿಗೆಲ್ಲ ಇದು ಪಾಠವಾಯಿತು.

ಯಂತ್ರಕ್ಕೂ ಒಂದು ಕೈ ಬೇಕಾಯಿತು, ಆ ಕೈಯ ಪಕ್ಕದಲ್ಲಿ ತಾಳ್ಮೆಯಿಂದ ನಿಂತು ನೋಡುವ ಕಣ್ಣು ಬೇಕಾಯಿತು. ಆದರೆ ಆ ಯಂತ್ರ ಕಲಿತದ್ದು ಒಸಾಕಾದ ಕೈಯನ್ನು, ಗೋಧಿಯ ಹಿಟ್ಟನ್ನು. ನಮ್ಮ ಭೈರವಾನಿತಿಪ್ಪದ ಕಡೆಯ ಹೆಂಗಸಿನ ಕೈಯನ್ನು ಅದು ನೋಡಿಲ್ಲ. ನಮ್ಮ ಕಷ್ಟ ಶುರುವಾಗುವುದು ಅಲ್ಲಿ.

ವೇದಾವತಿ, ನಮ್ಮವರ ಬಾಯಲ್ಲಿ ಹಗರಿ, ಆ ಹೊಳೆಗೆ ಇಲ್ಲಿ ಅಣೆಕಟ್ಟು ಕಟ್ಟಿ 60 ವರ್ಷ ದಾಟಿದೆ. ಅಣೆಕಟ್ಟಿದ್ದರೂ ಇದು ಮಳೆ ನಂಬಿ ಬದುಕುವ ಸೀಮೆ. ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ರಾಯದುರ್ಗದ ಕಡೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಮಡಕಶಿರಾದ ಕಡೆ (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ, ಆದರೆ ಜಿಲ್ಲೆ ಬದಲಾದರೆ ಊಟ ಬದಲಾಗುತ್ತದೆಯೇ!) ರಾಗಿ ಮುದ್ದೆ. ಅನ್ನ ಈಗ ಎಲ್ಲ ಮನೆಗೂ ಬಂದಿದೆ. ಗೋಧಿ ಬಂದದ್ದು ಹೆಚ್ಚಾಗಿ ಚಪಾತಿಯಾಗಿ, ಅದೂ ಸಕ್ಕರೆ ಕಾಯಿಲೆಯವರ ರಾತ್ರಿ ಊಟವಾಗಿ.

ಜೋಳ, ಸಜ್ಜೆ, ರಾಗಿ ಈ ಮೂರರಲ್ಲಿಯೂ ಗ್ಲುಟೆನ್ ಎಂಬ ಅಂಟು ಪದಾರ್ಥವಿಲ್ಲ. ಗೋಧಿ ಹಿಟ್ಟನ್ನು ನಾದಿದಷ್ಟೂ ರಬ್ಬರಿನಂತೆ ಎಳೆ ಕಟ್ಟುವುದು ಅದರಿಂದ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಟ್ಟು ಬ್ರೆಡ್ಡನ್ನು ಉಬ್ಬಿಸುವುದೂ ಅದೇ. ಜೋಳದ ಹಿಟ್ಟನ್ನು ಯಂತ್ರಕ್ಕೆ ಹಾಕಿ ನಾಲ್ಕು ಗಂಟೆ ಬಿಟ್ಟರೆ ಇಟ್ಟಿಗೆಯೊಂದು ಹೊರಬರುತ್ತದೆ. ಜೋಳದ ರೊಟ್ಟಿಗೆ ನಮ್ಮ ತಾಯಂದಿರು ಬಿಸಿ ಎಸರು ಹಾಕಿ ಕಲಸುತ್ತಾರಲ್ಲವೇ? ಆ ಬಿಸಿನೀರಿಗೆ ಹಿಟ್ಟಿನ ಗಂಜಿ ಬಿಟ್ಟುಕೊಂಡು ಜಿಗುಟಾಗುತ್ತದೆ. ಗ್ಲುಟೆನ್ ಇಲ್ಲದ ಕೊರತೆಯನ್ನು ಹೆಂಗಸರು ಎಸರಿನಿಂದ ತುಂಬಿಕೊಂಡರು. ಹಿಟ್ಟು ಹಳತಾದರೆ ಜಿಗುಟು ಹೋಗಿ ರೊಟ್ಟಿಯ ಅಂಚು ಒಡೆಯುತ್ತದೆ ಎಂಬುದೂ ಅವರಿಗೆ ಗೊತ್ತು, ಅದಕ್ಕೇ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಇದೆಲ್ಲ ಯಾವ ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ? ಬ್ರೆಡ್ ಯಂತ್ರ ನೀರು ಕುದಿಸುವುದಿಲ್ಲ, ತಟ್ಟುವುದಿಲ್ಲ, ಮುದ್ದೆ ತಿರುವುವುದೂ ಇಲ್ಲ. ಮೈದಾಕ್ಕೆ ಐದರಲ್ಲಿ ಒಂದು ಪಾಲಿನಷ್ಟು ರಾಗಿ ಹಿಟ್ಟು ಬೆರೆಸಿದರೆ ಸಹಿಸಿಕೊಳ್ಳುತ್ತದೆ, ಅಷ್ಟೇ.

"ಮೈದಾ ಬೇಡ ಫಾದರ್, ಗೋಧಿ ಹಿಟ್ಟಲ್ಲೇ ಮಾಡ್ತೀವಿ" ಎನ್ನುವವರಿಗೂ ಒಂದು ಮಾತು. ನಮ್ಮ ಗಿರಣಿಯಲ್ಲಿ ಬೀಸಿದ ಹಿಟ್ಟು ಚಪಾತಿಗೆ ಬಹಳ ಚೆನ್ನ. ಕಲ್ಲಿನ ನಡುವೆ ಅರೆಯುವಾಗ ಅದರ ಗಂಜಿ ಜಜ್ಜಿಹೋಗಿ ಹೆಚ್ಚು ನೀರು ಕುಡಿಯುತ್ತದೆ, ತೌಡು ಗ್ಲುಟೆನ್ನಿನ ಎಳೆಗಳನ್ನು ಕತ್ತರಿಸುತ್ತದೆ. ಹಾಗಾಗಿ ಬರಿಯ ಗಿರಣಿ ಹಿಟ್ಟಿನ ಬ್ರೆಡ್ಡು ಅಂಗಡಿಯದರಂತೆ ಹತ್ತಿಯಾಗುವುದಿಲ್ಲ. ಗಟ್ಟಿ ಇರುತ್ತದೆ. ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಮಕ್ಕಳು ಎರಡನೆಯ ದಿನ ಮುಟ್ಟುವುದಿಲ್ಲ.

ಈಗ ದುಡ್ಡಿನ ಮಾತು. ಯಂತ್ರಕ್ಕೆ ಕಡಿಮೆಯೆಂದರೂ ಆರೇಳು ಸಾವಿರ, ಹೆಸರಾಂತ ಕಂಪನಿಯದಾದರೆ ಅದರ ಎರಡರಷ್ಟು. 8000 ರೂಪಾಯಿಯದೆಂದು ಇಟ್ಟುಕೊಳ್ಳೋಣ. ಅರ್ಧ ಕಿಲೋ ಮೈದಾಕ್ಕೆ 25, ಯೀಸ್ಟ್‌ಗೆ 5, ಎಣ್ಣೆ, ಸಕ್ಕರೆ, ಹಾಲಿಗೆ 10, ಕರೆಂಟಿಗೆ 4 ಅಥವಾ 5. ಕರೆಂಟು ಹೆಚ್ಚು ತಿನ್ನುತ್ತದೆಂಬ ಭಯ ಬೇಡ. ಬಿಸಿಯಾಗುವುದು ಕೊನೆಯ ಒಂದು ಗಂಟೆ ಮಾತ್ರ, ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ಟಿನ ಆಸುಪಾಸು ಆಗುತ್ತದೆ. ಒಟ್ಟು 45 ರೂಪಾಯಿ. ಅಷ್ಟೇ ತೂಕದ ಬ್ರೆಡ್ಡನ್ನು ಅಂಗಡಿಯಲ್ಲಿ ತಂದರೆ 85 ಎಂದುಕೊಳ್ಳಿ. ಒಂದಕ್ಕೆ 40 ರೂಪಾಯಿ ಉಳಿತಾಯ. 8000 ತಿರುಗಿ ಬರಬೇಕಾದರೆ 200 ಬ್ರೆಡ್ ಮಾಡಬೇಕು! ವಾರಕ್ಕೊಂದು ಮಾಡುವ ಮನೆಗೆ ಅದು ಹತ್ತಿರ ಹತ್ತಿರ ನಾಲ್ಕು ವರ್ಷ. ನಿಮ್ಮೂರಿನ ಬೆಲೆ ಹಾಕಿಕೊಂಡು ನೀವೇ ಲೆಕ್ಕ ಮಾಡಿ, ಆದರೆ ಒಂದು ಪ್ರಶ್ನೆಯನ್ನು ಮೊದಲು ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ನಮ್ಮ ಮನೆಯಲ್ಲಿ ಕಳೆದ ತಿಂಗಳು ಎಷ್ಟು ಬ್ರೆಡ್ ತಂದೆವು?

ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದು ಅಥವಾ ಎರಡು, ಅದೂ ಯಾರಿಗೋ ಜ್ವರ ಬಂದಾಗ. ನಮ್ಮ ಹಳ್ಳಿಗಳಲ್ಲಿ ಬ್ರೆಡ್ ಎಂದರೆ ಕಾಯಿಲೆಯವರ ಆಹಾರ. ಹಾಲಿನಲ್ಲಿ ಅದ್ದಿ ತಿನ್ನಿಸುವುದು, ಆಸ್ಪತ್ರೆಗೆ ನೋಡಲು ಹೋಗುವವರು ಬಾಳೆಹಣ್ಣಿನ ಜೊತೆ ಒಯ್ಯುವುದು. ಪೇಟೆಯಲ್ಲಿ ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಕಾಣದ ಬೀದಿ ಅಪರೂಪ. ಹಾಸನದ ಕಡೆಯಿಂದ ಹೊರಟ ಆ ಮನೆತನಗಳು ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನು, ಖಾರದ ಬನ್ನುಗಳನ್ನು ಊರೂರಿಗೆ ತಲುಪಿಸಿದವು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಹತ್ತಿರದಲ್ಲಿಯೇ ಬಿಸಿ ಬ್ರೆಡ್ ಸಿಗುವಾಗ ವರ್ಷಕ್ಕೆ 20 ಬ್ರೆಡ್ಡಿಗಾಗಿ 8000 ಸುರಿಯುವುದು ನಮಗಂತೂ ಒಪ್ಪಿಗೆಯಾಗದು. ಜೂನ್ 13ರಂದು ಸಂತ ಅಂತೋಣಿಯವರ ಹಬ್ಬಕ್ಕೆ ಬನ್ನು ಆಶೀರ್ವದಿಸಿ ಹಂಚುವ ದೇವಾಲಯಗಳಿವೆ. ಅದಕ್ಕಾದರೂ ಉಪಯೋಗವಾಗಲಿ ಎಂದರೆ, ನಾಲ್ಕು ಗಂಟೆಗೊಂದು ಬ್ರೆಡ್ಡಿನಂತೆ ಹಬ್ಬ ಮುಗಿಯುವುದು ಯಾವಾಗ?

ನಡುವೆ ಒಂದು ಸಣ್ಣ ವಿಷಯ, ಏಕೆಂದರೆ ಇದನ್ನೂ ಕೇಳಿದವರಿದ್ದಾರೆ. ಮನೆಯ ಯಂತ್ರದಲ್ಲಿ ಮಾಡಿದ ಬ್ರೆಡ್ಡನ್ನು ಬಲಿಪೂಜೆಗೆ ಬಳಸಬಹುದೇ? ಬಳಸುವಂತಿಲ್ಲ. ಧರ್ಮಸಭೆಯ ಕಾನೂನಿನ 924ನೆಯ ವಿಧಿಯ ಪ್ರಕಾರ ಅದು ಬರಿಯ ಗೋಧಿಯದಾಗಿರಬೇಕು, ಇತ್ತೀಚೆಗೆ ಮಾಡಿದ್ದಾಗಿರಬೇಕು. 926ನೆಯ ವಿಧಿಯಂತೆ ನಮ್ಮ ಲತೀನ್ ವಿಧಿಯಲ್ಲಿ ಅದು ಹುಳಿಯಿಲ್ಲದ್ದಾಗಿರಬೇಕು. ಕನ್ಯಾಮಠಗಳಲ್ಲಿ ಧರ್ಮಭಗಿನಿಯರು ಅದನ್ನು ಮಾಡುವುದನ್ನು ನೋಡಿದವರಿಗೆ ಗೊತ್ತು, ಬರೀ ಹಿಟ್ಟು ಮತ್ತು ನೀರು. ತೆಳ್ಳಗೆ ಕಲಸಿ, ಎರಡು ಬಿಸಿ ತಟ್ಟೆಗಳ ನಡುವೆ ಒತ್ತಿ ಬೇಯಿಸಿ, ಪುಡಿಯಾಗದಂತೆ ಸ್ವಲ್ಪ ತೇವಕ್ಕಿಟ್ಟು, ಆಮೇಲೆ ಗುಂಡಗೆ ಕತ್ತರಿಸುತ್ತಾರೆ. ಅಂಗಡಿಗಳಲ್ಲಿ ರೊಟಿ ಮೇಕರ್ ಎಂದು ಮಾರುವ ಎರಡು ತಟ್ಟೆಯ ಯಂತ್ರವೂ ಹೆಚ್ಚುಕಡಿಮೆ ಇದರ ಸೋದರನೇ.

ಮತ್ತೆ ಅಡುಗೆಮನೆಗೆ ಬರೋಣ. ಈ ಪ್ರಶ್ನೆಯಲ್ಲಿ ನಮ್ಮನ್ನು ಕಾಡುವುದು ಬ್ರೆಡ್ಡಲ್ಲ. "ಅಮ್ಮ ಒಲೆ ಮುಂದೆ ಸಾಯೋದು ತಪ್ಪುತ್ತೆ" ಎಂದ ಮಗನ ಮಾತು. ಅದು ನಿಜವಾದ ನೋವು. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯವರು ದೇಶದಾದ್ಯಂತ ಸಮೀಕ್ಷೆ ಮಾಡಿ, ಯಾರ ದಿನ ಹೇಗೆ ಕಳೆಯುತ್ತದೆಂದು ಲೆಕ್ಕ ಹಾಕಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆಯಾದಾಗ ಹೆಂಗಸರ ಲೆಕ್ಕ 289ಕ್ಕೆ ಇಳಿದಿತ್ತು. ಐದು ವರ್ಷದಲ್ಲಿ ಇಳಿದದ್ದು ಹತ್ತು ನಿಮಿಷ! ಮಿಕ್ಸಿ ಬಂತು, ಗ್ಯಾಸ್ ಬಂತು, ಕುಕ್ಕರ್ ಬಂತು, ಆದರೂ ಐದು ಗಂಟೆಯ ಹತ್ತಿರವೇ ಇದೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವ ಹೆಂಗಸರಿದ್ದಾರೆ, ಮನೆಗೇ ಬಟ್ಟೆ ತಂದು ಹೊಲಿಯುವವರೂ ಇದ್ದಾರೆ. ಅವರು ಬೆಳಗ್ಗೆ ನಾಲ್ಕೂವರೆಗೆ ಎದ್ದು ಮನೆಮಂದಿಗೆಲ್ಲ ಇಪ್ಪತ್ತು ಮೂವತ್ತು ರೊಟ್ಟಿ ತಟ್ಟಿ ಹೋಗಬೇಕು. ವಾರದ ದಿನಗಳ ಬಲಿಪೂಜೆಯಲ್ಲಿ ಮುಂದಿನ ಬೆಂಚುಗಳು ಖಾಲಿ ಇರುವುದೇಕೆ ಎಂದು ಕೇಳುವ ನಮ್ಮಂಥ ಗುರುಗಳಿಗೆ ಉತ್ತರ ಆ ಹೆಂಚಿನ ಮೇಲಿದೆ. ಐವತ್ತು ದಾಟಿದ ತಾಯಂದಿರಲ್ಲಿ ಭುಜದ ನೋವು, ಮಣಿಕಟ್ಟಿನ ನೋವು ಎನ್ನದವರು ಕಡಿಮೆ. ಎಲ್ಲರೂ ಉಂಡ ಮೇಲೆ, ಕೊನೆಗೆ ಉಳಿದ ರೊಟ್ಟಿಯ ತುಂಡಿನಲ್ಲಿ ಅವರ ಊಟ.

ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಒಂದು ಪುಸ್ತಕ ಬರೆದರು. ಮನೆಗೆ ಯಂತ್ರಗಳು ಬಂದಂತೆ ತಾಯಿಯ ಕೆಲಸ ಏಕೆ ಕಡಿಮೆಯಾಗಲಿಲ್ಲ ಎಂಬುದೇ ಅದರ ವಿಷಯ. ಅದರಲ್ಲಿ ಹಿಟ್ಟಿನ ಕಥೆಯೂ ಇದೆ. ಹಿಂದೆ ಅಲ್ಲಿನ ಮನೆಗಳಲ್ಲಿ ಧಾನ್ಯ ಸಿದ್ಧಮಾಡುವುದು, ಗಿರಣಿಗೆ ಹೊರುವುದು ಗಂಡಸರ, ಹುಡುಗರ ಕೆಲಸವಾಗಿತ್ತು. ಅಂಗಡಿಯಲ್ಲಿ ಬಿಳಿ ಹಿಟ್ಟು ಸಿಗತೊಡಗಿದ ಮೇಲೆ ಗಂಡಸರ ಕೆಲಸ ತಪ್ಪಿತು. ಹೆಂಗಸರಿಗೆ ಮಾತ್ರ ಬೇಗನೆ ಆಗುತ್ತಿದ್ದ ಒರಟು ರೊಟ್ಟಿಯ ಬದಲು ಯೀಸ್ಟ್ ಹಾಕಿ ಉಬ್ಬಿಸುವ ಬ್ರೆಡ್ಡು, ಕೇಕು ಮಾಡುವ ಕೆಲಸ ಹೆಚ್ಚಿತು. ಸೌದೆ ಒಲೆ ಹೋಗಿ ಬೇರೆ ಒಲೆ ಬಂದಾಗ ಸೌದೆ ಸೀಳುವವನಿಗೆ ವಿರಾಮ ಸಿಕ್ಕಿತು, ಅಡುಗೆ ಮಾಡುವವಳಿಗಲ್ಲ.

ಹಾಗೆಂದು ಯಂತ್ರಗಳೆಲ್ಲ ದಂಡವೆಂದು ನಾವು ಹೇಳುವುದಿಲ್ಲ. ಒರಳು ಕಲ್ಲಿನ ಮುಂದೆ ಕೂತು ಇಡ್ಲಿ ಹಿಟ್ಟು ರುಬ್ಬುತ್ತಿದ್ದ ಕಾಲವನ್ನು ಯಾವ ಅಜ್ಜಿಯನ್ನಾದರೂ ಕೇಳಿ. ಕೊಯಮತ್ತೂರಿನ ಪಿ. ಸಭಾಪತಿಯವರು 1955ರಲ್ಲಿ ಆ ಕಲ್ಲಿಗೆ ಮೋಟಾರು ಜೋಡಿಸಿ ಗ್ರೈಂಡರ್ ಮಾಡಿದರು. ಅದು ನಮ್ಮ ಹೆಂಗಸರು ದಿನವೂ ಮಾಡುತ್ತಿದ್ದ ಕೆಲಸವನ್ನೇ ಹಿಡಿದು, ಅವರು ಮಾಡುತ್ತಿದ್ದ ರೀತಿಯಲ್ಲಿಯೇ ಮಾಡಿತು, ಅವರ ರಟ್ಟೆಯ ನೋವನ್ನು ತೆಗೆಯಿತು. ಬ್ರೆಡ್ ಯಂತ್ರ ಅಮೆರಿಕದ, ಜಪಾನಿನ ಗೃಹಿಣಿಗೆ ಅಂಥ ಉಪಕಾರ ಮಾಡಿರಬಹುದು. ನಮ್ಮ ಮನೆಯಲ್ಲಿ ಅದು ತೆಗೆಯುವುದು ನಮ್ಮ ತಾಯಿ ಎಂದೂ ಮಾಡಿರದ ಕೆಲಸವನ್ನು! ಮೂವತ್ತು ರೊಟ್ಟಿ ಹಾಗೆಯೇ ಉಳಿಯುತ್ತವೆ, ತೊಳೆಯಲು ಒಂದು ಪಾತ್ರೆ ಹೆಚ್ಚಾಗುತ್ತದೆ.

ರೊಟ್ಟಿಗೇ ಒಂದು ಯಂತ್ರವಿಲ್ಲವೇ? ಇದೆ. ಸಿಂಗಾಪುರದಲ್ಲಿ ಪ್ರಣೋತಿ ನಾಗರ್ಕರ್ ಎಂಬ ಇಂಜಿನಿಯರ್ ಮತ್ತು ಅವರ ಪತಿ ಸೇರಿ ರೋಟಿಮ್ಯಾಟಿಕ್ ಎಂಬ ಯಂತ್ರ ಮಾಡಿದರು. ಹಿಟ್ಟು, ನೀರು, ಎಣ್ಣೆ ತುಂಬಿಸಿದರೆ ತಾನೇ ಕಲಸಿ, ಒತ್ತಿ, ಸುಟ್ಟು ಚಪಾತಿಯನ್ನು ಹೊರಗೆ ತಳ್ಳುತ್ತದೆ. 2016ರಲ್ಲಿ ಅದು ಅಮೆರಿಕದ ಮನೆಗಳಿಗೆ ಹೋಗತೊಡಗಿತು, ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳಲ್ಲಿಯೂ ಇಟ್ಟುಕೊಂಡವರಿದ್ದಾರೆ. ಬೆಲೆ ಸಾವಿರ ಡಾಲರಿನ ಸುತ್ತಮುತ್ತ. ಆ ದುಡ್ಡಿಗೆ ಇಲ್ಲಿ ಒಂದು ಎಮ್ಮೆ ಬರುತ್ತದೆ, ಹಾಲೂ ಕೊಡುತ್ತದೆ. ಎರಡು ಮೂರು ಸಾವಿರಕ್ಕೆ ಸಿಗುವ ಎರಡು ತಟ್ಟೆಯ ರೊಟಿ ಮೇಕರ್ ಚಪಾತಿಯನ್ನು ಒತ್ತಿ ಬೇಯಿಸುತ್ತದೆ ನಿಜ, ಆದರೆ ಕೈ ಅಭ್ಯಾಸವಾಗುವುದರೊಳಗೆ ಬೇಸರವಾಗಿ ಅಟ್ಟ ಸೇರುವುದೇ ಹೆಚ್ಚು. ಜೋಳದ ಹಿಟ್ಟು ಅದರಲ್ಲಿ ಬಿರಿಯುತ್ತದೆ.

ಬೇರೆ ದಾರಿಗಳು ಇನ್ನೂ ಅಗ್ಗ. ತಟ್ಟುವ ಬದಲು ಲಟ್ಟಣಿಗೆಯಿಂದ ಲಟ್ಟಿಸುವುದು ಭುಜಕ್ಕೆ ಎಷ್ಟೋ ಹಗುರ. ಅತ್ತೆಯಂದಿರು "ಲಟ್ಟಿಸಿದ್ದು ರೊಟ್ಟಿಯೇ ಅಲ್ಲ" ಎನ್ನುತ್ತಾರೆ. ಅನ್ನಲಿ. ಬಳ್ಳಾರಿಯಿಂದ ಹುಬ್ಬಳ್ಳಿ, ಕಲಬುರಗಿಯವರೆಗೆ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ಕಲಬುರಗಿಯಲ್ಲಂತೂ ಜಿಲ್ಲಾಡಳಿತವೇ ಮುಂದೆ ನಿಂತು ಸ್ವಸಹಾಯ ಸಂಘಗಳ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಗಂಟೆಗೆ ನೂರಾರು ರೊಟ್ಟಿ ಮಾಡುವ ದೊಡ್ಡ ಯಂತ್ರಗಳು ಅಂಥ ಸಂಘಗಳಿಗೆ ಹೊಂದುತ್ತವೆ. ನಮ್ಮ ಧರ್ಮಕೇಂದ್ರದ ಮಹಿಳಾ ಸಂಘದವರು ಕೂಡಿ ಯೋಚಿಸುವುದಾದರೆ ಯೋಚಿಸಬೇಕಾದ ಯಂತ್ರ ಅದು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ವಾರದಲ್ಲಿ ಎರಡು ದಿನ ಬೀದಿಯ ಕೊನೆಯ ಮನೆಯ ವಿಧವೆಯ ಕೈಯಿಂದ ರೊಟ್ಟಿ ಕೊಂಡರೆ ಎರಡು ಮನೆಗಳಿಗೆ ಉಸಿರಾಡಲು ಬಿಡುವು. "ಕೊಂಡ ರೊಟ್ಟಿ ತಿಂದರೆ ಮರ್ಯಾದೆ ಏನಾಗುತ್ತೆ?" ಎಂದು ಕೇಳುವ ಯಜಮಾನರಿಗೆ ನಮ್ಮ ಪ್ರಶ್ನೆ, ಕೊಂಡ ಬ್ರೆಡ್ಡಿಗೆ ಇಲ್ಲದ ಅವಮಾನ ಕೊಂಡ ರೊಟ್ಟಿಗೆ ಎಲ್ಲಿಂದ ಬಂತು?

ಇನ್ನೊಂದು ದಾರಿಗೆ ದುಡ್ಡೇ ಬೇಡ. ಯಜಮಾನರು, ಬೆಳೆದ ಗಂಡುಮಕ್ಕಳು ಒಂದು ಹೊತ್ತು ಹೆಂಚಿನ ಮುಂದೆ ನಿಲ್ಲುವುದು. ರೊಟ್ಟಿ ತಟ್ಟಲು ಬರದಿದ್ದರೆ ಬೇಯಿಸಬಹುದು. ತಟ್ಟುವವರು ಒಬ್ಬರು, ಬೇಯಿಸುವವರು ಒಬ್ಬರಾದರೆ ಸಮಯ ಅರ್ಧ. ಪುನರುತ್ಥಾನರಾದ ಯೇಸುಸ್ವಾಮಿ ಸರೋವರದ ದಡದಲ್ಲಿ ಕೆಂಡ ಹೊತ್ತಿಸಿ, ಮೀನು ರೊಟ್ಟಿ ಸಿದ್ಧಮಾಡಿ, ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದದ್ದನ್ನು ಸಂತ ಯೊವಾನ್ನರು ತಮ್ಮ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಮರಣವನ್ನು ಜಯಿಸಿದ ಪ್ರಭುವಿಗೆ ಒಲೆಯ ಮುಂದೆ ಕೂರುವುದು ಅಗೌರವವೆನಿಸಲಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಬೇರೆ ಭಾಷೆಗಳವರು ರೊಟ್ಟಿಯನ್ನು ಬೇಡಿದರೆ ನಾವು ಕನ್ನಡದಲ್ಲಿ ಆಹಾರವನ್ನು ಬೇಡುತ್ತೇವೆ, ಅದರಲ್ಲಿ ಜೋಳವೂ ಮುದ್ದೆಯೂ ಸೇರಿದವು. ಅಲ್ಲಿ ಬೇಡುವುದು 'ನನಗೆ' ಎಂದಲ್ಲ, 'ನಮಗೆ' ಎಂದು. ತಟ್ಟಿದವಳೂ ಆ ನಮ್ಮೊಳಗೆ ಇರಬೇಕಲ್ಲವೇ, ಬಿಸಿಯಾಗಿರುವಾಗಲೇ?

ಹಾಗಾದರೆ ಬ್ರೆಡ್ ಯಂತ್ರ ಯಾರಿಗೂ ಬೇಡವೇ? ಕೆಲವರಿಗೆ ಬೇಕು. ದಿನವೂ ಬೆಳಗ್ಗೆ ಬ್ರೆಡ್ ತಿನ್ನುವ, ಒಳ್ಳೆಯ ಬ್ರೆಡ್ ಹತ್ತಿರದಲ್ಲಿ ಸಿಗದ ಮನೆಗೆ ಅದು ಒಂದೂವರೆ ವರ್ಷದೊಳಗೆ ದುಡ್ಡು ತಿರುಗಿಸುತ್ತದೆ. ವಿದೇಶದಲ್ಲಿ ಪಾಳಿಯ ಕೆಲಸ ಮಾಡುವ ನಮ್ಮ ನರ್ಸ್ ಹೆಣ್ಣುಮಕ್ಕಳಿಗೆ, ರಾತ್ರಿ ಹಿಟ್ಟು ಹಾಕಿ ಗಡಿಯಾರ ತಿರುಗಿಸಿಟ್ಟರೆ ಬೆಳಗ್ಗೆ ಬಿಸಿ ಬ್ರೆಡ್ಡು ಸಿಗುವುದು ಸಣ್ಣ ಸಮಾಧಾನವಲ್ಲ. ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದವರಿಗೆ, ಅಂಗಡಿಯ ಬ್ರೆಡ್ಡಿನಲ್ಲಿ ಏನೇನು ಬೆರೆಸಿದ್ದಾರೋ ಎಂದು ಅಂಜುವವರಿಗೆ ಕೂಡ ಉಪಯೋಗವಿದೆ. ಆದರೆ ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಮಾಡಿದ್ದೆಂದು ಮೈದಾ ಬ್ರೆಡ್ಡನ್ನು ಧಾರಾಳವಾಗಿ ತಿನ್ನಬಾರದು, ಮೈದಾ ಎಲ್ಲಿದ್ದರೂ ಮೈದಾ. ಮಾಡಿ ಮಾರುವ ಯೋಚನೆಯಿದ್ದರೆ ಈ ಯಂತ್ರ ಸಾಲದು, ಒಂದು ಓವನ್ ಬೇಕು.

ತರುವುದಾದರೆ ಕೆಲವು ಎಚ್ಚರಿಕೆ. ಅಮೆರಿಕದಿಂದ ತಂದ ಯಂತ್ರ 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಕುವೈತ್, ಒಮಾನ್, ದುಬೈಯಿಂದ ತಂದದ್ದು ಹೊಂದುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಕರೆಂಟು ಹೋದರೆ ಏನಾಗುತ್ತದೆಂದು ಪುಸ್ತಕದಲ್ಲಿ ಓದಿಯೇ ಕೊಳ್ಳಿ. ಕೆಲವು ಯಂತ್ರಗಳು ಹತ್ತು ನಿಮಿಷದವರೆಗೆ ನೆನಪಿಟ್ಟುಕೊಂಡು ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಶುರುಮಾಡುತ್ತವೆ. ನಾಲ್ಕು ಗಂಟೆ ಬಿಡದೆ ಕರೆಂಟು ಇರುವ ಹೊತ್ತು ನಿಮ್ಮೂರಿನಲ್ಲಿ ಯಾವುದೆಂದು ನಿಮಗೇ ಚೆನ್ನಾಗಿ ಗೊತ್ತು. ಒಳಗಿನ ಪಾತ್ರೆಯ ಲೇಪನ ಕಿತ್ತುಹೋದರೆ, ಅಲಗು ಸವೆದರೆ ಬಿಡಿಭಾಗ ಬಳ್ಳಾರಿಯಲ್ಲೋ ಅನಂತಪುರದಲ್ಲೋ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮತ್ತು ಪೆಟ್ಟಿಗೆ ಕಟ್ಟುವ ಮೊದಲು ಅಮ್ಮನಿಗೇ ಒಂದು ಫೋನ್ ಮಾಡಿ ಕೇಳಿ. ಅವರು ಮೈಕೈ ನೋವಿಗೆ ಬೇರೇನಾದರೂ ಹೇಳಬಹುದು, ಒಂದು ಒಳ್ಳೆಯ ಹಿಟ್ಟಿನ ಗಿರಣಿಯನ್ನೇ ಕೇಳಬಹುದು, ಅಥವಾ ಎಲ್ಲರನ್ನೂ ಆಶ್ಚರ್ಯಪಡಿಸಿ ಬ್ರೆಡ್ ಯಂತ್ರವೇ ಬೇಕೆನ್ನಬಹುದು. ಆಗ ತನ್ನಿ, ಪವಿತ್ರ ಜಲ ಚಿಮುಕಿಸಲು ನಾವೇ ಬರುತ್ತೇವೆ.

ಈಗಾಗಲೇ ತಂದು ಅಟ್ಟದ ಮೇಲಿಟ್ಟವರು ಅದನ್ನು ಮಾರುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಬ್ರೆಡ್ ಉಬ್ಬದಿದ್ದಾಗ ಎಲ್ಲರೂ ಯಂತ್ರವನ್ನೇ ಬೈಯುತ್ತಾರೆ, ತಪ್ಪು ಹೆಚ್ಚಾಗಿ ಯೀಸ್ಟ್‌ನದು. ನಮ್ಮ ಬೇಸಿಗೆಯಲ್ಲಿ ತೆರೆದಿಟ್ಟ ಯೀಸ್ಟ್ ಬೇಗ ಸಾಯುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ಮೇಲೆ ನೊರೆ ಕಟ್ಟಿದರೆ ಹಿಟ್ಟು ಅಳೆದುಕೊಳ್ಳಿ. ನೊರೆ ಬರಲಿಲ್ಲವೆಂದರೆ ಆ ಪೊಟ್ಟಣವನ್ನು ಎಸೆದು, ಪೇಟೆಗೆ ಹೋದಾಗ ಹೊಸದು ತನ್ನಿ.